ಇನ್ನು ಒಂದು ಡಬ್ಬಿಗೆ ಒಂದೇ ಪ್ರೋಟೀನ್: ನಾಯಿ ಡಬ್ಬಿಯ ಗ್ರಾಹಕರಿಗೆ ಒಂದು ಪತ್ರ

ಡೊಂಬಿವಲಿ ಪೂರ್ವ
ಮೇ ತಿಂಗಳ ಮೂರನೇ ವಾರ

ಪ್ರೀತಿಯ ಗ್ರಾಹಕರೇ,

ಮನೆಯಲ್ಲಿ ನಾಲ್ಕು ಕಾಲಿನವರು ಹೇಗಿದ್ದಾರೆ? ಈ ಸೆಕೆಗೆ ಬಾತ್‌ರೂಮ್ ಬಾಗಿಲಲ್ಲಿ ಹೊಟ್ಟೆ ಅಡಿಯಾಗಿ ಬಿದ್ದುಕೊಂಡಿರಬೇಕು, ಅಲ್ವಾ?

ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ನಾಯಿಗಳಿಗೆಂದು ನಾವು ಬೇಯಿಸಿ ಕೊಡುವ ಊಟದ ಡಬ್ಬಿಗಳಲ್ಲಿ ಮಿಕ್ಸ್ ಡಬ್ಬಿ ಜೂನ್ 1ರಿಂದ ನಿಲ್ಲುತ್ತದೆ. ಕೋಳಿ, ಲಿವರ್, ಮೊಟ್ಟೆ, ಸಿಕ್ಕಿದ ದಿನ ಮೀನು, ಎಲ್ಲ ಸೇರಿಸಿ ನಾಲ್ಕು ವರ್ಷದಿಂದ ಕೊಡುತ್ತಿದ್ದೆವಲ್ಲ, ಅದೇ. ಇನ್ನು ಕೋಳಿ ಡಬ್ಬಿಯಲ್ಲಿ ಕೋಳಿ ಮಾತ್ರ, ಮೀನಿನ ಡಬ್ಬಿಯಲ್ಲಿ ಮೀನು ಮಾತ್ರ. ಜತೆಗೆ ಅನ್ನ, ಸಿಹಿಗುಂಬಳ, ಬೀನ್ಸ್, ಸ್ವಲ್ಪ ಎಣ್ಣೆ ಮತ್ತು ಡಾಕ್ಟರು ಹೇಳಿದ ಖನಿಜದ ಪುಡಿ. ಇದಿಷ್ಟನ್ನೂ ಡಬ್ಬಿಯ ಮೇಲೆ ಬರೆದು ಅಂಟಿಸುತ್ತೇವೆ.

ಮಿಕ್ಸ್ ಡಬ್ಬಿಯೇ ನಮ್ಮ ಹೆಚ್ಚು ವ್ಯಾಪಾರದ ಡಬ್ಬಿ. "ಅದರಲ್ಲಿ ಎಲ್ಲಾ ಇರುತ್ತೆ, ಅದಕ್ಕೇ ಒಳ್ಳೇದು" ಅಂತ ನೀವೇ ಹೇಳುತ್ತಿದ್ದಿರಿ. ನಾವೂ ಹಾಗೇ ನಂಬಿದ್ದೆವು. ಹಾಗಾದರೆ ಯಾಕೆ ನಿಲ್ಲಿಸುತ್ತಿದ್ದೇವೆ ಅನ್ನುವುದಕ್ಕೆ ನಮ್ಮದೇ ಒಂದು ತಪ್ಪನ್ನು ಹೇಳಬೇಕು.

ಧಾರವಾಡ ಕಡೆಯ ಒಬ್ಬ ಕಾಕು ನಮ್ಮ ಗ್ರಾಹಕರು. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ನಾಯಿ ಚಿನ್ನು, ಆರು ವರ್ಷದ ಲ್ಯಾಬ್ರಡಾರ್. ಮನೆಯಲ್ಲೇ ಕೋಳಿ ಅನ್ನ ತಿಂದು ಬೆಳೆದವನು. ವರ್ಷವಿಡೀ ಕಿವಿ ಕೆರೆದುಕೊಳ್ಳುವುದು, ಪಾದ ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಳ್ಳುವುದು. ಚಿಗಟ, ಉಣ್ಣಿ, ಚರ್ಮದ ಸೋಂಕು ಎಲ್ಲ ನೋಡಿ ಮುಗಿದ ಮೇಲೆ ಡಾಕ್ಟರು ಹೇಳಿದರು: ಎಂಟು ವಾರ ಕೋಳಿ ಪೂರ್ತಿ ಬಿಡಿ, ಅವನು ಎಂದೂ ತಿನ್ನದ ಒಂದು ಪ್ರೋಟೀನ್ ಮಾತ್ರ ಕೊಡಿ. ಚಿನ್ನು ಮೀನು ತಿಂದವನೇ ಅಲ್ಲ. ಹಾಗಾಗಿ ಕಾಕು ನಮ್ಮ ಮೀನಿನ ಡಬ್ಬಿ ಹಚ್ಚಿದರು.

ಆರು ವಾರ ಕಳೆಯಿತು. ಕಾಕು ಫೋನ್ ಮಾಡಿದರು. "ನೋಡವ್ವಾ, ಮೀನಿನ ಡಬ್ಬಿ ಕೊಟ್ಟರೂ ಇದು ಕೆರಕೊಳ್ಳೂದು ಬಿಡವಲ್ದು."

ಮೀನೂ ಒಗ್ಗುತ್ತಿಲ್ಲ ಅಂತ ಎಲ್ಲರೂ ತೀರ್ಮಾನ ಮಾಡುವವರೇ ಇದ್ದೆವು. ಆದರೆ ಡಾಕ್ಟರು ನಮ್ಮ ನಂಬರ್ ತೆಗೆದುಕೊಂಡು ತಾವೇ ಮಾತಾಡಿದರು. ಏನೇನು ಹಾಕುತ್ತೀರಿ ಅಂತ ಒಂದೊಂದಾಗಿ ಕೇಳುತ್ತಾ ಬಂದರು. ಕೊನೆಗೆ, "ಅನ್ನವನ್ನು ಯಾವ ನೀರಲ್ಲಿ ಬೇಯಿಸ್ತೀರಿ?"

ನನ್ನ ಓರಗಿತ್ತಿ ಫೋನ್ ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ನಾವು ಅನ್ನ ಬೇಯಿಸುತ್ತಿದ್ದದ್ದು ಕೋಳಿ ಮೂಳೆಯ ಸಾರಿನಲ್ಲಿ. ರುಚಿಗೆ ಅಂತ. ಎಲ್ಲ ಡಬ್ಬಿಗೂ ಅದೇ ಅನ್ನ.

ಸುಮ್ನೆ ಯೋಚಿಸಿ. ಆರು ವಾರ ಆ ಮನೆಯವರು ನಾಯಿಗೆ ಒಂದು ಬಿಸ್ಕತ್ತೂ ಕೊಡದೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ನಾವು ದಿನಕ್ಕೆ ಎರಡು ಹೊತ್ತು ಕೋಳಿ ಸಾರು ಕುಡಿಸುತ್ತಿದ್ದೆವು. ಕಾಕುವಿಗೆ ಆರು ವಾರದ ದುಡ್ಡು ವಾಪಸ್ ಕೊಟ್ಟೆವು. ಅವರು ಮನೆಯಲ್ಲೇ ಬರೀ ನೀರಲ್ಲಿ ಅನ್ನ ಮಾಡಿ, ಬಂಗುಡೆ ಹಾಕಿ, ಎಂಟು ವಾರವನ್ನು ಮೊದಲಿನಿಂದ ಎಣಿಸಿದರು. ಈ ಸಲ ಕೆರೆತ ಇಳಿಯಿತು. ಆಮೇಲೆ ಡಾಕ್ಟರು ಹೇಳಿದಂತೆ ಮತ್ತೆ ಕೋಳಿ ಕೊಟ್ಟು ನೋಡಿದರು. ನಾಲ್ಕೇ ದಿನದಲ್ಲಿ ಕಿವಿ ಕೆರೆತ ಶುರು. ಆಗ ಖಾತ್ರಿಯಾಯಿತು.

ಕೋಳಿ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಹೆಚ್ಚಿನ ನಾಯಿಗಳಿಗೆ ಕೋಳಿ ಚೆನ್ನಾಗಿಯೇ ಒಗ್ಗುತ್ತದೆ. ಕೆರೆದುಕೊಳ್ಳುವ ನಾಯಿಗಳಲ್ಲೂ ಊಟದ ಅಲರ್ಜಿ ಇರುವವು ಕಡಿಮೆ. ಚಿಗಟ, ಧೂಳು, ನಮ್ಮ ಮುಂಬಯಿ ಮಳೆಗಾಲದ ಒದ್ದೆ ಚರ್ಮ, ಇವೇ ಜಾಸ್ತಿ. ಹಾಗಾಗಿ ನಾಯಿ ಕೆರೆದುಕೊಂಡಿತು ಅಂತ ನಾಳೆಯೇ ಡಬ್ಬಿ ಬದಲಿಸಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಆದರೆ ಅಲರ್ಜಿ ಇದ್ದರೆ ಯಾವುದಕ್ಕೆ? 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಅಲರ್ಜಿ ಇರುವ 297 ನಾಯಿಗಳ ಲೆಕ್ಕ ಕೂಡಿಸಿದ್ದರು. ದನದ ಮಾಂಸ ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15, ಗೋಧಿ ಶೇ. 13. ಬೇರೆ ದೇಶಗಳ ನಾಯಿಗಳ ಲೆಕ್ಕ ಇದು. ಅಲ್ಲಿ ನಾಯಿಗಳು ದಿನಾ ತಿನ್ನುವುದೇ ದನದ ಮಾಂಸ, ಅದಕ್ಕೇ ಅದು ಮೇಲಿದೆ ಅಂತ ನನ್ನ ಅಂದಾಜು. ನಮ್ಮ ಕಡೆ ನಾಯಿ ಹುಟ್ಟಿದಾಗಿನಿಂದ ಕೋಳಿ, ಹಾಲು, ಚಪಾತಿ. ಸಾಮಾನ್ಯವಾಗಿ ತಿಂದು ರೂಢಿ ಇರುವುದಕ್ಕೇ ಅಲರ್ಜಿ ಬರುವುದು, ಎಂದೂ ತಿನ್ನದ್ದಕ್ಕೆ ಅಲ್ಲ.

ಮಿಕ್ಸ್ ಡಬ್ಬಿಯ ತೊಂದರೆ ಇಲ್ಲಿಯೇ. ಕೋಳಿ, ಮೀನು, ಮೊಟ್ಟೆ ಎಲ್ಲವನ್ನೂ ತಿಂದು ಮುಗಿಸಿದ ನಾಯಿಗೆ ನಾಳೆ ಅಲರ್ಜಿ ಬಂದರೆ, ಹೊಸದು ಅಂತ ಕೊಡಲು ಡಾಕ್ಟರ ಕೈಯಲ್ಲಿ ಏನು ಉಳಿಯಿತು? ಅದಕ್ಕೇ ಇನ್ನೊಂದು ಮಾತು, ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತೇವೆ. ಐದು ಬಗೆ ಇದೆ ಅಂತ ವಾರಕ್ಕೊಂದು ಬಗೆ ತರಿಸಬೇಡಿ. ಒಗ್ಗಿದ ಒಂದನ್ನೋ ಎರಡನ್ನೋ ಹಿಡಿದುಕೊಳ್ಳಿ. ನಾಯಿಗೆ ಬೇಜಾರಾಗುತ್ತೆ ಅನ್ನುವುದು ಜಾಸ್ತಿ ನಮ್ಮದೇ ಕಲ್ಪನೆ.

ಇನ್ನು ಡಬ್ಬಿಗಳ ವಿಷಯ. ಮುಚ್ಚಳದ ಬಣ್ಣ ನೋಡಿದರೆ ಗೊತ್ತಾಗುತ್ತದೆ.

ಹಳದಿ ಮುಚ್ಚಳ ಕೋಳಿ. 400 ಗ್ರಾಂ ಡಬ್ಬಿಗೆ ಮೂಳೆ ಇಲ್ಲದ ಹಸಿ ಕೋಳಿ 160 ಗ್ರಾಂ. ಅಂದರೆ ಅದರಿಂದಲೇ ಸುಮಾರು 33 ಗ್ರಾಂ ಪ್ರೋಟೀನ್. ಲಿವರ್ ಕೋಳಿಯದೇ, ಸ್ವಲ್ಪ ಮಾತ್ರ; ಜಾಸ್ತಿಯಾದರೆ ಎ ವಿಟಮಿನ್ ಮೈಯಲ್ಲಿ ಸೇರಿಕೊಂಡು ತೊಂದರೆ ಕೊಡುತ್ತದೆ. ಕೆಂಪು ಮುಚ್ಚಳ ಮಟನ್, ನಮ್ಮ ಕಡೆ ಮಟನ್ ಅಂದರೆ ಆಡು. ಕೊಬ್ಬು ತೆಗೆದೇ ಹಾಕುತ್ತೇವೆ. ಆದರೂ ಹಿಂದೆ ಪ್ಯಾಂಕ್ರಿಯಾಸ್ ತೊಂದರೆ ಆಗಿದ್ದ ನಾಯಿಗೆ ಇದು ಬೇಡ.

ಬಿಳಿ ಮುಚ್ಚಳ ಮೊಟ್ಟೆ. ಇದನ್ನು ಕಡೆಗಣಿಸಬೇಡಿ. ನಾಯಿಯ ಹೊಟ್ಟೆ ಮೊಟ್ಟೆಯ ಪ್ರೋಟೀನನ್ನು ಅರಗಿಸಿಕೊಳ್ಳುವಷ್ಟು ಚೆನ್ನಾಗಿ ಬೇರೆ ಕೆಲವನ್ನೇ ಅರಗಿಸಿಕೊಳ್ಳುತ್ತದೆ. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ. ಪೂರ್ತಿ ಬೇಯಿಸಿಯೇ ಹಾಕುತ್ತೇವೆ, ಯಾಕೆಂದರೆ ಹಸಿ ಬಿಳಿಯಲ್ಲಿರುವ ಅವಿಡಿನ್ ಅನ್ನುವುದು ಬಯೋಟಿನ್ ವಿಟಮಿನನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಡಾಲ್ಮೇಷಿಯನ್ ಸಾಕಿದವರು ಈ ಡಬ್ಬಿಯನ್ನು ಡಾಕ್ಟರ ಹತ್ತಿರ ಮಾತಾಡಿ ನೋಡಿ. ಆ ಜಾತಿಗೆ ಹುಟ್ಟಿನಿಂದಲೇ ಯೂರಿಕ್ ಆಮ್ಲ ಜಾಸ್ತಿ, ಮೂತ್ರದಲ್ಲಿ ಕಲ್ಲು ಕಟ್ಟಬಹುದು. ಲಿವರ್, ಬೂತಾಯಿ ಮೀನು ಅದನ್ನು ಇನ್ನೂ ಏರಿಸುತ್ತವೆ, ಮೊಟ್ಟೆ ಹಾಗಲ್ಲ.

ಮೊಟ್ಟೆಯಿಂದ ಇನ್ನೊಂದು ನೆನಪಾಯಿತು. ಇಷ್ಟು ದಿನ ಸುಣ್ಣದ ಅಂಶಕ್ಕೆ ಎಲ್ಲ ಡಬ್ಬಿಗೂ ಮೊಟ್ಟೆ ಚಿಪ್ಪಿನ ಪುಡಿ ಹಾಕುತ್ತಿದ್ದೆವು. ಚಿಪ್ಪಿನ ಒಳಗೆ ತೆಳ್ಳಗಿನ ಪೊರೆ ಇರುತ್ತದಲ್ಲ, ಅದೂ ಮೊಟ್ಟೆಯ ಪ್ರೋಟೀನೇ. ಸಾರಿನ ಪಾಠ ಆದ ಮೇಲೆ ಇದು ಹೊಳೆಯಿತು. ಇನ್ನು ಮೆಡಿಕಲ್ ಅಂಗಡಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ಸುಣ್ಣದ ಅಂಶ ಇಲ್ಲದೆ ಬರೀ ಮಾಂಸ ಅನ್ನ ಕೊಟ್ಟರೆ ನಾಯಿಯ ಮೂಳೆ ಸವೆಯುತ್ತದೆ. ಮನೆಯಲ್ಲಿ ಅಡುಗೆ ಮಾಡಿ ಹಾಕುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ನೀಲಿ ಮುಚ್ಚಳ ಮೀನು. ಬಂಗುಡೆ, ಅದು ಸಿಗದಿದ್ದರೆ ಬೂತಾಯಿ. ಎರಡೂ ನಮ್ಮ ಕುಂದಾಪುರದ ಮನೆಯ ದಿನದ ಮೀನು, ನಾಯಿಗೂ ಅದೇ ಒಳ್ಳೇದು ಅಂತ ಗೊತ್ತಾದಾಗ ನನ್ನ ಅತ್ತೆಗೆ ಏನು ಹೆಮ್ಮೆ! ಒಮೇಗಾ-3 ಕೊಬ್ಬು ಇದರಲ್ಲಿ ಚೆನ್ನಾಗಿದೆ, ಚರ್ಮಕ್ಕೆ ಹಿತ. ದೊಡ್ಡ ಮೀನಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ, ಸಣ್ಣ ಮೀನಲ್ಲಿ ಆ ಭಯ ಕಡಿಮೆ. ಆದ್ದರಿಂದ ಸುರ್ಮೈಯಂಥ ದೊಡ್ಡ ಮೀನು ಹಾಕಿ ಅಂತ ಕೇಳುವವರಿಗೆ ನಮ್ಮ ಉತ್ತರ: ಅದನ್ನು ನೀವು ತಿನ್ನಿ. ಹಸಿ ಮೀನು ಕೊಡುವುದಿಲ್ಲ. ಬೂತಾಯಿಯಂಥ ಮೀನಿನಲ್ಲಿ ಬಿ1 ವಿಟಮಿನನ್ನು ಹಾಳು ಮಾಡುವ ಒಂದು ಕಿಣ್ವ ಇರುತ್ತದೆ, ಬೇಯಿಸಿದರೆ ಅದು ಹೋಗುತ್ತದೆ. ಬೇಯಿಸಿ ಆರಿಸಿ, ಕೈಯಲ್ಲೇ ಮುಳ್ಳು ಬಿಡಿಸುತ್ತೇವೆ. ಎಷ್ಟು ಜಾಗ್ರತೆ ಮಾಡಿದರೂ ಕೂದಲಿನಂಥ ಮುಳ್ಳು ಒಂದೆರಡು ಉಳಿದೀತು. ಗಬಗಬ ನುಂಗುವ ನಾಯಿಯಾದರೆ ಒಮ್ಮೆ ಹಿಸುಕಿ ನೋಡಿ ಹಾಕಿ.

ಆದರೆ ನೀಲಿ ಮುಚ್ಚಳ ಜೂನ್‌ನಲ್ಲಿ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಆಗ ಸಿಗುವುದು ಹಳೆ ಐಸ್ ಮೀನು, ಇಲ್ಲವೇ ಕೈಗೆಟುಕದ ರೇಟು. ಶ್ರಾವಣದ ಹುಣ್ಣಿಮೆಯಾದ ನಾರಳಿ ಪೂರ್ಣಿಮೆಗೆ ಕೋಳಿಗಳು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸಿದ ಮೇಲೆ ನಮ್ಮ ಡಬ್ಬಿಯೂ ಶುರು. (ಇಲ್ಲಿ ಕೋಳಿಗಳು ಅಂದರೆ ಮುಂಬಯಿಯ ಮೀನುಗಾರರು. ಓರಗಿತ್ತಿ ಇದನ್ನು ಓದಿ ಬಿದ್ದು ಬಿದ್ದು ನಕ್ಕಳು, ಅದಕ್ಕೆ ಬರೆದೆ.) ಈಗ ಡಾಕ್ಟರು ಹೇಳಿ ಮೀನು ಕೊಡುತ್ತಿರುವ ನಾಲ್ಕು ಮನೆಗಳಿಗೆ ಮಾತ್ರ ಈ ತಿಂಗಳೇ ಮಾಡಿ ಫ್ರೀಜರ್‌ನಲ್ಲಿ ಇಡುತ್ತಿದ್ದೇವೆ.

ಹಸಿರು ಮುಚ್ಚಳ ಸೋಯಾ. ಇದರ ಬಗ್ಗೆ ಮನೆಯಲ್ಲೇ ಜಗಳವಾಯಿತು. ನಮ್ಮ ಗ್ರಾಹಕರಲ್ಲಿ ಮೊಟ್ಟೆಯೂ ಮನೆಯೊಳಗೆ ಬರಬಾರದು ಅನ್ನುವವರು ಇದ್ದಾರೆ. ಅವರ ನಾಯಿ ಈಗ ತಿನ್ನುತ್ತಿರುವುದು ಮೊಸರನ್ನ. ಲೆಕ್ಕ ಹಾಕಿ ನೋಡಿ: 300 ಗ್ರಾಂ ಮೊಸರನ್ನದಲ್ಲಿ ಪ್ರೋಟೀನ್ 9 ಗ್ರಾಂ ಆಸುಪಾಸು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2006ರ ಲೆಕ್ಕದಲ್ಲಿ 10 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 18 ಗ್ರಾಂ ಬೇಕು. ಅದಕ್ಕಿಂತ ಜಾಸ್ತಿ ಕೊಡಿ ಅನ್ನುವ ಡಾಕ್ಟರೇ ಹೆಚ್ಚು. ಮೊಸರನ್ನದಲ್ಲಿ ಹೊಟ್ಟೆ ತುಂಬುತ್ತದೆ, ಸ್ನಾಯು ತುಂಬುವುದಿಲ್ಲ. ಸೋಯಾ ವಡಿ ಒಣಗಿದ್ದು 100 ಗ್ರಾಂಗೆ 50 ಗ್ರಾಂ ಪ್ರೋಟೀನ್. ಹಾಗಾಗಿ ಮೊಸರನ್ನಕ್ಕಿಂತ ಇದು ಎಷ್ಟೋ ಮೇಲು.

ಆದರೂ ಮಾಂಸಕ್ಕೆ ಸಮ ಅಂತ ನಾವು ಹೇಳುವುದಿಲ್ಲ. ಸೋಯಾದಂಥ ಬೇಳೆ ಕಾಳಿನಲ್ಲಿ ಮೆಥಿಯೊನಿನ್ ಅನ್ನುವ ಅಮೈನೊ ಆಮ್ಲ ಕಡಿಮೆ. ನಾಯಿ ಇದರಿಂದಲೇ ಟಾರಿನ್ ಮಾಡಿಕೊಳ್ಳುತ್ತದೆ, ಟಾರಿನ್ ಹೃದಯಕ್ಕೆ ಬೇಕು. ಬಟಾಣಿ, ಬೇಳೆ ಜಾಸ್ತಿ ಇರುವ ಕೆಲವು ನಾಯಿ ಆಹಾರಕ್ಕೂ ಹೃದಯದ ಕಾಯಿಲೆಗೂ ಸಂಬಂಧ ಇದೆಯಾ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2018ರಿಂದ ವಿಚಾರಿಸಿತು. ಕಾರಣ ಇದೇ ಅಂತ ಸಾಬೀತಾಗಲಿಲ್ಲ. ಆದರೂ ನಾವು ಹುಷಾರಾಗಿರುತ್ತೇವೆ. ಹಸಿರು ಡಬ್ಬಿಯ ಪುಡಿಯಲ್ಲಿ ಮೆಥಿಯೊನಿನ್, ಟಾರಿನ್ ಸೇರಿಸಿದೆ. ಡಾಕ್ಟರ ಚೀಟಿ ತಂದವರಿಗೆ ಮಾತ್ರ ಕೊಡುತ್ತೇವೆ. ಕಾಕರ್ ಸ್ಪಾನಿಯೆಲ್, ಗೋಲ್ಡನ್ ರಿಟ್ರೀವರ್ ಮನೆಗೆ ಕೊಡುವುದಿಲ್ಲ, ಆ ಜಾತಿಗಳಲ್ಲಿ ಟಾರಿನ್ ಕೊರತೆ ಬೇಗ ಕಾಣಿಸುತ್ತದೆ. ಬೆಕ್ಕಿಗಂತೂ ಕೇಳಲೇಬೇಡಿ. ಬೆಕ್ಕು ಮಾಂಸ ತಿನ್ನಲೇ ಹುಟ್ಟಿದ್ದು.

ಪನೀರ್ ಡಬ್ಬಿ ಕೇಳಿದವರು ಬಹಳ. ಮಾಡುವುದಿಲ್ಲ. ಕೊಬ್ಬು ಜಾಸ್ತಿ, ಮೇಲಾಗಿ ಮೇಲಿನ ಅಲರ್ಜಿ ಪಟ್ಟಿಯಲ್ಲಿ ಹಾಲು ಎರಡನೆಯದು.

ಅಡುಗೆಮನೆಯಲ್ಲಿ ಏನು ಬದಲಾಗಿದೆ? ಒಂದೊಂದು ಬಗೆಗೆ ಬೇರೆ ಕುಕ್ಕರ್, ಬೇರೆ ಸೌಟು, ಬೇರೆ ಮಣೆ. ಅನ್ನ ಬರೀ ನೀರಲ್ಲಿ. ದಿನಕ್ಕೆ ಒಂದೇ ಬಗೆಯ ಅಡುಗೆ. ಆದರೂ ಜಾಗ ಒಂದೇ, ಕೈಗಳೂ ಅವೇ ನಾಲ್ಕು. ಹಾಗಾಗಿ ಚಿನ್ನುವಿನಂತೆ ಎಂಟು ವಾರದ ಪರೀಕ್ಷೆ ಮಾಡಿಸುವವರು ನಮ್ಮ ಡಬ್ಬಿ ಕೊಳ್ಳಬೇಡಿ. ಡಾಕ್ಟರು ಬರೆದುಕೊಡುವ ಹೈಡ್ರೊಲೈಸ್ಡ್ ಆಹಾರ (ಪ್ರೋಟೀನನ್ನು ಸಣ್ಣ ಸಣ್ಣ ಚೂರಾಗಿ ಒಡೆದದ್ದು) ಕೊಡಿ, ಇಲ್ಲವೇ ಮನೆಯಲ್ಲೇ ಬೇಯಿಸಿ. ಆ ಎಂಟು ವಾರ ಮಾಂಸದ ರುಚಿ ಸೇರಿಸಿದ ಮಾತ್ರೆ, ವಾಚ್‌ಮನ್ ಕೊಡುವ ಪಾರ್ಲೆ-ಜಿ, ಮಗು ಬೀಳಿಸಿದ ಆಮ್ಲೆಟ್ ಯಾವುದೂ ಲೆಕ್ಕದಿಂದ ಹೊರಗಲ್ಲ. ಅಂಗಡಿಯ ಪೊಟ್ಟಣ ತರುವವರು ಹಿಂದಿನ ಸಣ್ಣ ಅಕ್ಷರ ಓದಿ. ಮುಂದೆ ಮಟನ್ ಚಿತ್ರ ಇದ್ದು ಹಿಂದೆ ಕೋಳಿಯ ಹೆಸರಿರುವುದು ಮಾಮೂಲು. ಪರೀಕ್ಷೆ ಮುಗಿದು ಯಾವುದು ಒಗ್ಗುತ್ತದೆ ಅಂತ ಗೊತ್ತಾದ ಮೇಲೆ ನಮ್ಮಲ್ಲಿಗೆ ಬನ್ನಿ.

ಒಂದು ವರ್ಷದೊಳಗಿನ ಮರಿಗಳಿಗೂ, ಕಿಡ್ನಿ ತೊಂದರೆ ಇರುವ ನಾಯಿಗಳಿಗೂ ನಮ್ಮ ಯಾವ ಡಬ್ಬಿಯೂ ಅಲ್ಲ. ಅವುಗಳ ಲೆಕ್ಕವೇ ಬೇರೆ. ಬರೀ ವಯಸ್ಸಾಗಿದೆ ಅಂತ ಪ್ರೋಟೀನ್ ಕಡಿಮೆ ಮಾಡಬೇಡಿ, ಮುದಿ ನಾಯಿಗೆ ಸ್ನಾಯು ಕರಗದಿರಲು ಅದು ಬೇಕು.

ಮಿಕ್ಸ್‌ನಿಂದ ಬದಲಾಗುವಾಗ ಒಂದು ವಾರ ಹತ್ತು ದಿನ ತೆಗೆದುಕೊಳ್ಳಿ. ಮೊದಲು ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಮ್ಮೆಲೇ ಬದಲಿಸಿದರೆ ಬೇಧಿಯಾಗಿ ನಮ್ಮನ್ನು ಬೈಯುತ್ತೀರಿ. ಅದಕ್ಕಾಗಿ ಜೂನ್ 10ರವರೆಗೆ ಹಳೆ ಮಿಕ್ಸ್ ಸ್ವಲ್ಪ ಸ್ವಲ್ಪ ಫ್ರೀಜರ್‌ನಿಂದ ಕೊಡುತ್ತೇವೆ, ಬೇಕಾದವರು ಹೇಳಿ.

ರೇಟು: ಕೋಳಿ 95, ಮೊಟ್ಟೆ 85, ಸೋಯಾ 80, ಮೀನು 115, ಮಟನ್ 195 ರೂಪಾಯಿ. ಮಿಕ್ಸ್ 85 ಇತ್ತು, ಅಂದರೆ ಕೋಳಿಯವರಿಗೆ ಹತ್ತು ರೂಪಾಯಿ ಏರಿತು. ಗ್ಯಾಸು, ಪಾತ್ರೆ, ಸಮಯ ಎಲ್ಲ ಜಾಸ್ತಿ ಆಗಿದೆ, ಬೇರೆ ಕಾರಣ ಹೇಳುವುದಿಲ್ಲ. ಶ್ರಾವಣಕ್ಕೆ ಮಾಂಸ ಬಿಡುವ ಮುಂಚೆ ತಿಂದು ಮುಗಿಸುವ ಗಟಾರಿ ದಿನಗಳಲ್ಲಿ ಕೋಳಿ ಅಂಗಡಿಗಳಲ್ಲಿ ಸಾಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಆ ವಾರದ ಹಳದಿ ಡಬ್ಬಿ ನಾಲ್ಕು ದಿನ ಮೊದಲೇ ಹೇಳಿಡಿ.

ಮುಂಗಡ ಕೊಟ್ಟವರಿಗೆ ಬೇಕಾದ ಬಣ್ಣಕ್ಕೆ ಬದಲಿಸುತ್ತೇವೆ, ಬೇಡವಾದರೆ ದುಡ್ಡು ವಾಪಸ್. ಹಿಂದೆ ಮೀನಿನ ಡಬ್ಬಿಯನ್ನು ಅಲರ್ಜಿಗೆಂದೇ ಕೊಂಡು, ಕೆರೆತ ನಿಲ್ಲದೆ ಬಿಟ್ಟವರು ಇನ್ನೂ ಇದ್ದರೆ ದಯವಿಟ್ಟು ಫೋನ್ ಮಾಡಿ. ತಪ್ಪು ಮೀನಿನದ್ದಲ್ಲದೆ ನಮ್ಮ ಅನ್ನದ್ದು ಇರಬಹುದು. ನಿಮ್ಮ ಡಾಕ್ಟರಿಗೂ ಅದು ತಿಳಿಯಬೇಕು, ನಿಮ್ಮ ದುಡ್ಡೂ ನಿಮಗೆ ಸಲ್ಲಬೇಕು.

ಹಳೆ ಪಾರದರ್ಶಕ ಮುಚ್ಚಳದ ಡಬ್ಬಿಗಳನ್ನು ಈ ಭಾನುವಾರ ಹುಡುಗ ಬಂದಾಗ ತೊಳೆದು ಕೊಟ್ಟುಬಿಡಿ. ಕಳೆದ ಸಲ ಮೂರು ಡಬ್ಬಿಯಲ್ಲಿ ಉಪ್ಪಿನಕಾಯಿ ವಾಸನೆ ಇತ್ತು. ಯಾರು ಅಂತ ಕೇಳುವುದಿಲ್ಲ.

ಇಂತಿ ನಿಮ್ಮ,
ನಾಯಿ ಡಬ್ಬಿ ಅಡುಗೆಮನೆಯ ಓರಗಿತ್ತಿಯರು