ಪೆಲೆಟ್ ಆರ್ಡರ್ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಪೆಲೆಟ್, ಅಂದರೆ ಏರ್ ರೈಫಲ್‌ನ ಸಣ್ಣ ಸೀಸದ ಗುಂಡು, ತರಿಸುತ್ತಿದ್ದೇವೆ. 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್ ಸ್ಪರ್ಧೆಗೆ ಚಪ್ಪಟೆ ತಲೆಯ 4.5 ಮಿ.ಮೀ. ಪೆಲೆಟ್ಟೇ ಬೇಕು. ಚೂಪು ತಲೆಯದು ಗುರಿಯ ಕಾಗದ ಹರಿದುಬಿಡುತ್ತದೆ, ಅಂಕ ಎಣಿಸುವುದೇ ಕಷ್ಟ. ಚಪ್ಪಟೆಯದು ದುಂಡಗೆ ಕತ್ತರಿಸಿದ ಹಾಗೆ ತೂತು ಮಾಡುತ್ತದೆ.

ಡಬ್ಬಿ ಮೇಲೆ 4.49, 4.50, 4.51 ಅಂತ ಬರೆದಿರುತ್ತದೆ. ಅದು ತಲೆಯ ಅಳತೆ. ಯಾವುದು ಒಳ್ಳೆಯದು ಅಂತ ನನ್ನನ್ನು ಕೇಳಬೇಡಿ, ನಿಮ್ಮ ರೈಫಲ್‌ನ ನಳಿಗೆಯೇ ಹೇಳಬೇಕು. ರೈಫಲ್‌ಗೆ ಗಟ್ಟಿ ಆಸರೆ ಕೊಟ್ಟು, ಒಂದೊಂದು ಅಳತೆಯಲ್ಲೂ ಐದೈದು ಹೊಡೆದು ನೋಡಿ. ನನ್ನ ರೈಫಲ್‌ನಲ್ಲಿ 4.50ರ ಐದೂ ಒಂದೇ ತೂತಿನ ಹಾಗೆ ಕೂತವು. 4.51 ಚದುರಿತು. ಗುರಿಯ ನಡುವೆ ಹತ್ತು ಅಂಕ ಕೊಡುವ ಚುಕ್ಕೆ ಬರೀ ಅರ್ಧ ಮಿ.ಮೀ. ಅಲ್ವಾ, ಇಷ್ಟೇ ವ್ಯತ್ಯಾಸಕ್ಕೆ ಅಂಕ ಹೋಗುತ್ತದೆ.

ಡಬ್ಬಿಯನ್ನು ಬೈಕ್ ಡಿಕ್ಕಿಯಲ್ಲಿ ಸುಮ್ನೆ ಎಸೆದುಕೊಂಡು ಬರಬೇಡಿ. ನಮ್ಮ ಬಳ್ಳಾರಿ ರಸ್ತೆಯ ಕುಲುಕಾಟಕ್ಕೆ ಪೆಲೆಟ್‌ನ ಹಿಂದಿನ ತೆಳು ಅಂಚು ನೆಗ್ಗುತ್ತದೆ. ನೆಗ್ಗಿದ್ದು ನೇರ ಹೋಗಲ್ಲ. ಸ್ಪಂಜಿನ ಚೂರು ಇಟ್ಟು ಮುಚ್ಚಿ.

ಮಕ್ಕಳನ್ನು ಕರೆತರುವವರೇ, ಇದು ಸೀಸ. ಸೋಪು ಹಾಕಿ ಕೈ ತೊಳೆಸಿದ ಮೇಲೆಯೇ ಒಗ್ಗರಣೆ, ಮಿರ್ಚಿ ಕೊಡಿಸಿ.

ಯಾರಿಗೆ ಯಾವ ಅಳತೆ, ಎಷ್ಟು ಡಬ್ಬಿ ಅಂತ ಶನಿವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ.