ರವೆನ್ನಾಗೆ ಒಂದು ದಿನ ಇಡಿ

ಬೇಸಿಗೆ ರಜೆ ಹತ್ತಿರ ಬಂತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಇಟಲಿಯ ಮಾತು ಶುರುವಾಗಿದೆ. ರೋಮ್‌ಗೆ ಎರಡು ದಿನ, ಫ್ಲಾರೆನ್ಸ್‌ಗೆ ಒಂದು, ವೆನಿಸ್‌ಗೆ ಒಂದು, ದಾರಿಯಲ್ಲಿ ಪೀಸಾದ ಗೋಪುರ. ಎಲ್ಲವೂ ನೋಡಬೇಕಾದ ಜಾಗಗಳೇ. ಆದರೆ ಅದರಲ್ಲಿ ಒಂದು ದಿನ ಉಳಿಸಿ ರವೆನ್ನಾಗೆ ಕೊಡಿ ಅಂತ ಈ ಸಂಚಿಕೆಯಲ್ಲಿ ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ. ಬೊಲೊನ್ಯಾದಿಂದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಸ್ಟೇಷನ್ನಿನಿಂದ ಹೊರಗೆ ಬಂದರೆ ಸಾಧಾರಣ ಊರು. ಸೈಕಲ್‌ಗಳು, ಸಣ್ಣ ಬೀದಿಗಳು, ಇಟ್ಟಿಗೆಯ ಹಳೇ ಗೋಡೆಗಳು. ಈ ಊರು 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯಾಯಿತು. ಸುತ್ತಲೂ ಜೌಗು ನೆಲ, ಶತ್ರುಗಳು ಬರುವುದು ಕಷ್ಟ. ಪಕ್ಕದಲ್ಲೇ ನೌಕಾಪಡೆಯ ಬಂದರು. ಆಮೇಲೆ ಗೋಥ್ ಅನ್ನುವ ಜರ್ಮನ್ ಮೂಲದ ಜನರು ಆಳಿದರು. 540ರಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ (ಇಂದಿನ ಇಸ್ತಾಂಬುಲ್) ಸೈನ್ಯ ಬಂತು. ಮೂರು ಕೈ ಬದಲಾದರೂ ಮೊಸಾಯಿಕ್ ಕೆಲಸ, ಅಂದರೆ ಬಣ್ಣದ ಗಾಜು, ಕಲ್ಲಿನ ಚೂರುಗಳನ್ನು ಗೋಡೆಯ ಮೇಲೆ ಜೋಡಿಸಿ ಚಿತ್ರ ಮಾಡುವುದು, ನಿಲ್ಲಲಿಲ್ಲ. ಆ ಕಾಲದ ಎಂಟು ಕಟ್ಟಡಗಳನ್ನು ಯುನೆಸ್ಕೋ 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲು ಗಾಲಾ ಪ್ಲಚೀದಿಯಾಳ ಸಮಾಧಿಗೆ ಹೋಗಿ. ಆಕೆ ಚಕ್ರವರ್ತಿಯ ಮಗಳು. ಗೋಥರು ಸೆರೆ ಹಿಡಿದುಕೊಂಡು ಹೋದರು, ಅವರ ರಾಜನನ್ನೇ ಮದುವೆಯಾದಳು. ಗಂಡ ಸತ್ತ ಮೇಲೆ ವಾಪಸ್ ಬಂದು, ಮುಂದೆ ಚಿಕ್ಕ ಮಗನ ಪರವಾಗಿ ಸಾಮ್ರಾಜ್ಯವನ್ನೇ ನಡೆಸಿದಳು. ಸತ್ತದ್ದು ರೋಮ್‌ನಲ್ಲಿ. ಹೆಸರು ಮಾತ್ರ ಈ ಪುಟ್ಟ ಇಟ್ಟಿಗೆ ಕಟ್ಟಡಕ್ಕೆ ಉಳಿದಿದೆ.

ಊರಿಂದ ಬಂದಿದ್ದ ಅಮ್ಮನನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹೊರಗೆ ಬಿಸಿಲು. ಒಳಗೆ ಕಾಲಿಟ್ಟಾಗ ಏನೂ ಕಾಣಲಿಲ್ಲ. ಕಿಟಕಿಗಳಿಗೆ ಗಾಜಿಲ್ಲ, ತೆಳುವಾದ ಅಲಬಾಸ್ಟರ್ ಕಲ್ಲಿನ ಹಲಗೆಗಳಿವೆ. ಅದರಿಂದ ಜೇನುತುಪ್ಪದ ಬಣ್ಣದ ಬೆಳಕು ಬರುತ್ತದೆ. ಅಮ್ಮ ನನ್ನ ತೋಳು ಹಿಡಿದು, "ತಾಳು, ಗರ್ಭಗುಡಿಯಲ್ಲಿ ಇದ್ದ ಹಾಗಿದೆ, ಕಣ್ಣು ಒಗ್ಗಲಿ" ಎಂದರು. ಒಂದು ನಿಮಿಷ ಸುಮ್ನೆ ನಿಂತೆವು. ಮೆಲ್ಲಗೆ ತಲೆಯ ಮೇಲೆ ಕಡು ನೀಲಿ ಆಕಾಶ ತೆರೆದುಕೊಂಡಿತು. ಅದರ ತುಂಬ ಚಿನ್ನದ ನಕ್ಷತ್ರಗಳು. ಸುತ್ತು ಸುತ್ತಾಗಿ ಜೋಡಿಸಿ, ನಡುವಿನ ಶಿಲುಬೆಯ ಕಡೆಗೆ ಹೋಗ್ತಾ ಹೋಗ್ತಾ ಚಿಕ್ಕದು ಮಾಡಿದ್ದಾರೆ. ಹಾಗಾಗಿ ಆಕಾಶ ಬಹಳ ಎತ್ತರದಲ್ಲಿದೆ ಅನ್ನಿಸುತ್ತದೆ. ನಿಜಕ್ಕೂ ಅದು ಹತ್ತಿರದಲ್ಲೇ ಇದೆ. ಊರಿನ ನೆಲ ಕುಸಿಯುತ್ತಾ ಬಂದು, ಕಟ್ಟಡದ ಒಳನೆಲವನ್ನು ಸುಮಾರು ಒಂದೂವರೆ ಮೀಟರ್ ಎತ್ತರಿಸಬೇಕಾಯಿತು.

ಗೋಡೆಯ ಹತ್ತಿರ ಹೋಗಿ ಒಂದೊಂದು ಚಿನ್ನದ ಹರಳನ್ನು ನೋಡಿ. ಎರಡು ಪದರ ಗಾಜಿನ ನಡುವೆ ಚಿನ್ನದ ತಗಡು ಇಟ್ಟು ಮಾಡಿದ ಚೂರುಗಳು ಅವು. ಒಂದು ಸ್ವಲ್ಪ ಈ ಕಡೆ ವಾಲಿದೆ, ಇನ್ನೊಂದು ಆ ಕಡೆ. ನೀವು ಒಂದು ಹೆಜ್ಜೆ ಸರಿದರೆ ಒಂದಷ್ಟು ಚೂರು ಮಂಕಾಗಿ, ಬೇರೆ ಒಂದಷ್ಟು ಹೊಳೆಯುತ್ತವೆ. ಇದು ಯಾವ ಫೋಟೋದಲ್ಲೂ ಬರುವುದಿಲ್ಲ. ಒಳಗಿರಲು ಕೆಲವೇ ನಿಮಿಷ ಕೊಡುತ್ತಾರೆ. ದಯವಿಟ್ಟು ಫೋನ್ ಜೇಬಿನಲ್ಲಿ ಇಟ್ಟುಬಿಡಿ. ಟಿಕೆಟ್ ತೆಗೆಯುವಾಗಲೇ ಸಮಯ ಕಾದಿರಿಸಬೇಕು ಅನ್ನುವುದೂ ನೆನಪಿರಲಿ.

ಅದೇ ಆವರಣದಲ್ಲಿ ಸಾನ್ ವಿತಾಲೆ ಇದೆ. ಎಂಟು ಮೂಲೆಯ ಚರ್ಚು. 547ರಲ್ಲಿ ಪೂಜೆಗೆ ತೆರೆಯಿತು. "ಆಗ ನಮ್ಮ ಕಡೆ ಯಾರಿದ್ದರು?" ಎಂದು ಅಮ್ಮ ಕೇಳಿದರು. ಒಂದನೇ ಪುಲಕೇಶಿ ಬಾದಾಮಿಯ ಕೋಟೆ ಕಟ್ಟಿಸಿದ್ದು 543ರಲ್ಲಿ. ಅದನ್ನು ಹೇಳಿದ ಮೇಲೆ ಅವರಿಗೆ ಆ ಗೋಡೆಗಳು ಇನ್ನಷ್ಟು ಹತ್ತಿರವಾದವು.

ಒಳಗಿನ ಮೊಸಾಯಿಕ್‌ನಲ್ಲಿ ಒಂದು ಬದಿಗೆ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಜಸ್ಟಿನಿಯನ್, ಎದುರಿಗೆ ಅವನ ರಾಣಿ ಥಿಯೊಡೊರಾ. ಇಬ್ಬರೂ ಈ ಊರಿಗೆ ಕಾಲಿಟ್ಟವರಲ್ಲ. ಥಿಯೊಡೊರಾಳ ತಂದೆ ಕರಡಿ ಸಾಕುವವನು, ಆಕೆ ರಂಗದ ಮೇಲೆ ಕುಣಿದು ನಟಿಸಿ ಬದುಕಿದವಳು. ಇಲ್ಲಿ ಮುತ್ತಿನ ಸಾಲು ಭುಜದವರೆಗೆ ಇಳಿದಿದೆ, ತಲೆಯ ಹಿಂದೆ ಪ್ರಭಾವಳಿ ಇದೆ. ಆಕೆಯ ನೇರಳೆ ನಿಲುವಂಗಿಯ ಅಂಚನ್ನು ತಪ್ಪದೆ ನೋಡಿ. ಹುಟ್ಟಿದ ಯೇಸುವಿಗೆ ಕಾಣಿಕೆ ಹೊತ್ತು ಬರುವ ಮೂವರು ಜ್ಞಾನಿಗಳನ್ನು ಚಿನ್ನದ ಕಸೂತಿಯ ಹಾಗೆ ಕೂರಿಸಿದ್ದಾರೆ. ಚರ್ಚು ತೆರೆದ ಮರುವರ್ಷವೇ, 548ರಲ್ಲಿ, ಆಕೆ ತೀರಿಕೊಂಡಳು. ಜರ್ಮನಿಯ ಆಖೆನ್ ನೋಡಿರುವವರಿಗೆ ಈ ಕಟ್ಟಡ ಎಲ್ಲೋ ಕಂಡ ಹಾಗೆ ಅನ್ನಿಸಬಹುದು. ಫ್ರಾಂಕರ ರಾಜ ಶಾರ್ಲಮೇನ್ ಅಲ್ಲಿನ ತನ್ನ ಅರಮನೆಯ ಚರ್ಚಿಗೆ ಇದನ್ನೇ ಮಾದರಿ ಮಾಡಿಕೊಂಡ. ಕಂಬಗಳನ್ನೂ ರವೆನ್ನಾದಿಂದ ಸಾಗಿಸಿದ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಮಾತ್ರ ಸಾಂತ್ ಅಪೊಲ್ಲಿನಾರೆ ನುವೊವೊ. ಗೋಥರ ರಾಜ ಥಿಯೊಡೊರಿಕ್ ಕಟ್ಟಿಸಿದ ಚರ್ಚು ಇದು. ಗೋಡೆಯ ಮೇಲೆ ಅವನ ಅರಮನೆಯ ಚಿತ್ರವಿದೆ. ಕಮಾನುಗಳ ನಡುವೆ ಮೊದಲು ಅವನ ಆಸ್ಥಾನದವರು ನಿಂತಿದ್ದರು. ಆಳ್ವಿಕೆ ಬದಲಾಯಿತು, ಅವರ ಪಂಥವೂ ಬೇಡವಾಯಿತು. ಆ ಜನರನ್ನೆಲ್ಲ ಕಿತ್ತು ತೆಗೆದು, ಜಾಗಕ್ಕೆ ಬಿಳಿ ಪರದೆಗಳನ್ನು ಕೂರಿಸಿದರು. ಕಂಬಗಳನ್ನು ಮುಟ್ಟಲಿಲ್ಲ. ಅದಕ್ಕೇ ಕಂಬದ ಮೇಲೆ ಇಂದಿಗೂ ಒಂದು ಕೈ ಇದೆ. ಇನ್ನೊಂದು ಕಂಬದ ಮೇಲೆ ಇನ್ನೊಂದು. ಮುಖವಿಲ್ಲ, ಮೈಯಿಲ್ಲ, ಬೆರಳುಗಳು ಮಾತ್ರ. ನನಗೆ ತಕ್ಷಣ ಕಾಣಲಿಲ್ಲ, ಅಮ್ಮ ತೋರಿಸಿದರು. ಕಂಡ ಮೇಲೆ ಬೇರೇನೂ ನೋಡಲು ಆಗಲಿಲ್ಲ.

ಥಿಯೊಡೊರಿಕ್‌ನ ಸಮಾಧಿ ಊರಿನ ಅಂಚಿನಲ್ಲಿದೆ. ಸುಮಾರು ಹತ್ತು ಮೀಟರ್ ಅಗಲದ ಚಾವಣಿ, ಒಂದೇ ಕಲ್ಲು. ಸಮಯ ಇದ್ದರೆ ಸುಮಾರು 8 ಕಿಲೋಮೀಟರ್ ದೂರದ ಕ್ಲಾಸೆಗೂ ಹೋಗಿ ಬನ್ನಿ. ಅಲ್ಲಿನ ಚರ್ಚಿನಲ್ಲಿ ಹಸಿರು ಹುಲ್ಲುಗಾವಲಿನ ಮೇಲೆ ಬಿಳಿ ಕುರಿಗಳ ಸಾಲು ಇದೆ. ಮಕ್ಕಳಿಗೆ ತುಂಬ ಇಷ್ಟವಾಗುತ್ತದೆ.

ಊಟದ ವಿಷಯ ಹೇಳಲೇಬೇಕು. ಇಲ್ಲಿ ಪಿಯಾದಿನಾ ಅನ್ನುವ ರೊಟ್ಟಿ ಸಿಗುತ್ತದೆ, ಕಾವಲಿಯ ಮೇಲೆ ಬೇಯಿಸಿದ್ದು. ಒಳಗೆ ಮೆತ್ತನೆಯ ಚೀಸು, ಸೊಪ್ಪು. ನೋಡಲು ಸಸ್ಯಾಹಾರವೇ. ಆದರೆ ಹಳೇ ಪದ್ಧತಿಯಲ್ಲಿ ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿ ನಾದುತ್ತಾರೆ. ಮಾಂಸ ತಿನ್ನದವರು "ಸೆಂತ್ಸಾ ಸ್ತ್ರುತ್ತೊ" ಎಂದು ಕೇಳಿ, ಕೊಬ್ಬಿಲ್ಲದ್ದು ಎಂದರ್ಥ. ಆಲಿವ್ ಎಣ್ಣೆಯದು ಹಲವು ಕಡೆ ಸಿಗುತ್ತದೆ.

ಸಂಜೆ ಇಟಲಿಯ ಮಹಾಕವಿ ಡಾಂಟೆಯ ಸಮಾಧಿ. ಫ್ಲಾರೆನ್ಸ್ ಅವನನ್ನು 1302ರಲ್ಲಿ ಗಡೀಪಾರು ಮಾಡಿತು. ಲ್ಯಾಟಿನ್ ಬಲ್ಲವನಾಗಿಯೂ ತನ್ನ ದೊಡ್ಡ ಕಾವ್ಯವನ್ನು ಊರಿನ ಜನರ ನುಡಿಯಲ್ಲೇ ಬರೆದ. ಅದನ್ನು ರವೆನ್ನಾದಲ್ಲಿ ಮುಗಿಸಿ 1321ರಲ್ಲಿ ಇಲ್ಲೇ ಸತ್ತ. ಎರಡು ಶತಮಾನ ಕಳೆದು, 1519ರಲ್ಲಿ, ಫ್ಲಾರೆನ್ಸಿನವರು ಪೋಪ್‌ನ ಒಪ್ಪಿಗೆ ಪಡೆದು ಮೂಳೆಗಳನ್ನು ಒಯ್ಯಲು ಬಂದರು. ಪೆಟ್ಟಿಗೆ ಖಾಲಿ. ಪಕ್ಕದ ಮಠದ ಸನ್ಯಾಸಿಗಳು ಮೊದಲೇ ಅಡಗಿಸಿಟ್ಟಿದ್ದರು. ಅವು ಮತ್ತೆ ಸಿಕ್ಕಿದ್ದು 1865ರಲ್ಲಿ, ಗೋಡೆಯೊಂದರ ಕೆಲಸ ನಡೆಯುವಾಗ. ಫ್ಲಾರೆನ್ಸಿನ ಸಾಂತಾ ಕ್ರೋಚೆಯಲ್ಲಿ ಅವನಿಗೆ ಕಟ್ಟಿದ ಭವ್ಯ ಸಮಾಧಿ ಇವತ್ತಿಗೂ ಬರಿದು.

ಸಣ್ಣ ಗುಡಿಯಂಥ ಜಾಗ, ಒಳಗೆ ಒಂದು ದೀಪ ಉರಿಯುತ್ತಿರುತ್ತದೆ. ಅದಕ್ಕೆ ಎಣ್ಣೆ ಕೊಡುವುದು ಫ್ಲಾರೆನ್ಸ್. ಪ್ರತಿ ವರ್ಷ ಸೆಪ್ಟೆಂಬರ್‌ನ ಎರಡನೇ ಭಾನುವಾರ ಅಲ್ಲಿಂದ ಜನ ಬಂದು ಎಣ್ಣೆ ಒಪ್ಪಿಸುತ್ತಾರೆ. ರಜೆ ಆಗ ಸಿಗುವವರು ಅದೇ ವಾರ ಹೋಗಿ. ನಾವು ಹೋದದ್ದು ಜೂನ್‌ನಲ್ಲಿ. ಅಮ್ಮ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಿ, ದೀಪದ ಕಡೆ ತಿರುಗಿ ಕೈ ಮುಗಿದರು.