ಪ್ರಮಾಣ ಮಾಡಿಸಿದವಳ ಒಂದು ಮಾತು

ಮಾನ್ಯ ಸಂಪಾದಕರೇ,

ಸಭೆಯೊಂದರಲ್ಲಿ ಪ್ರಾರ್ಥನೆ ಹಾಡುವಾಗ ಅತಿಥಿಯೊಬ್ಬರು ಎದ್ದು ನಿಲ್ಲದೆ ಕುಳಿತೇ ಇದ್ದರು ಎಂಬ ವಿಚಾರ ಹಿಡಿದು ಮೂರು ವಾರಗಳಿಂದ ನಿಮ್ಮ ಓದುಗರ ಅಂಕಣದಲ್ಲಿ ಪತ್ರಗಳು ಬರುತ್ತಿವೆ. ಒಂದನ್ನೂ ಬಿಡದೆ ಓದಿದ್ದೇನೆ. ಒಬ್ಬರು ಕುಳಿತವರನ್ನು ‘ಸಂಸ್ಕಾರಹೀನ’ ಎಂದರು. ಮತ್ತೊಬ್ಬರು ನಿಂತವರೆಲ್ಲರನ್ನೂ ‘ಕುರಿಮಂದೆ’ ಎಂದರು. ಆಮೇಲೆ ಬಂದ ಪತ್ರಗಳಲ್ಲಿ ಪ್ರಾರ್ಥನೆಯ ಮಾತೂ ಇಲ್ಲ, ಆ ಅತಿಥಿಯ ಮಾತೂ ಇಲ್ಲ. ದೇವರನ್ನು ನಂಬುವವರು ಮೂಢರೋ, ನಂಬದವರು ನೀತಿಗೆಟ್ಟವರೋ ಎಂಬ ಕಿತ್ತಾಟ ಮಾತ್ರ ಇದೆ. ಇದನ್ನು ಓದುತ್ತಾ ಸುಮ್ಮನಿರಲು ನನಗೆ ಆಗಲಿಲ್ಲ. ಏಕೆಂದರೆ ಇದೇ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ, ಅದೂ ತುಂಬಿದ ನ್ಯಾಯಾಲಯದಲ್ಲಿ.

ಇಷ್ಟಲಿಂಗ ಪೂಜೆ ಮುಗಿಯದೆ ಒಂದು ಗುಟುಕು ಚಹಾ ಕೂಡ ಕುಡಿಯುವವಳಲ್ಲ ನಾನು. ಮೂವತ್ತೊಂದು ವರ್ಷ ಬೇರೆ ಬೇರೆ ತಾಲ್ಲೂಕುಗಳ ನ್ಯಾಯಾಲಯಗಳಲ್ಲಿ ಕೆಲಸ ಮಾಡಿದ್ದೇನೆ. ಅದರಲ್ಲಿ ಬಹುಕಾಲ ಬೆಂಚ್ ಕ್ಲರ್ಕ್ ಆಗಿದ್ದೆ. ಜವಾನ ಹೊರಗೆ ನಿಂತು ಮೂರು ಸಲ ಹೆಸರು ಕೂಗುತ್ತಾನೆ, ಸಾಕ್ಷಿ ಬಂದು ಕಟಕಟೆ ಹತ್ತುತ್ತಾನೆ, ನಾನು ಎದ್ದು ನಿಂತು ಪ್ರಮಾಣ ಹೇಳಿಕೊಡುತ್ತೇನೆ: ‘ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತೇನೆ, ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೆ ಏನನ್ನೂ ಹೇಳುವುದಿಲ್ಲ.’ ದಿನಕ್ಕೆ ಹತ್ತು ಸಲ, ಕೆಲವು ದಿನ ಇಪ್ಪತ್ತು ಸಲ ಹೇಳಿಕೊಟ್ಟ ಮಾತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುತ್ತಿದ್ದೆ.

ಸೇವೆಗೆ ಸೇರಿದ ಒಂಬತ್ತನೆಯ ವರ್ಷ. ಅಣ್ಣತಂಗಿಯರ ಆಸ್ತಿಯ ದಾವೆ. ಅಣ್ಣನ ಪರ ಸಾಕ್ಷಿ ಹೇಳಲು ಅರವತ್ತು ದಾಟಿದ ನೇಕಾರರೊಬ್ಬರು ಬಂದಿದ್ದರು. ಅವರು ಕಟಕಟೆಯ ಹಲಗೆ ಹಿಡಿದುಕೊಂಡಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ ಇಳಿದು ನಿಂತಿತ್ತು. ನಾನು ‘ದೇವರ ಮೇಲೆ’ ಎಂದೆ. ಅವರು ಅದನ್ನು ಬಿಟ್ಟು ‘ಸತ್ಯವನ್ನೇ ಹೇಳುತ್ತೇನೆ’ ಎಂದರು. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಮತ್ತೆ ಬಿಟ್ಟರು. ಮೂರನೆಯ ಸಲ ನನ್ನ ದನಿ ಏರಿತು. ‘ದೇವರ ಮೇಲೆ ಅನ್ನಿರಿ. ದೇವರ ಹೆಸರು ಹೇಳಲು ನಾಲಿಗೆ ಏಳುವುದಿಲ್ಲವೇ?’ ಎಂದುಬಿಟ್ಟೆ. ಹಿಂದಿನ ಬೆಂಚುಗಳಲ್ಲಿ ಕುಳಿತವರು ನಕ್ಕರು. ಎದುರು ಪಕ್ಷದ ವಕೀಲರು ಇದೇ ಸಮಯವೆಂದು, ‘ದೇವರಿಗೆ ಹೆದರದವನು ನ್ಯಾಯಾಲಯಕ್ಕೆ ಹೆದರುತ್ತಾನೆಯೇ’ ಎಂದು ಕೇಳಿದರು.

ಆ ಹಿರಿಯರು ನನ್ನ ಕಡೆಗೇ ನೋಡುತ್ತಾ ಮೆಲ್ಲಗೆ ಹೇಳಿದರು: ‘ತಾಯಿ, ನಾನು ದೇವರಿಲ್ಲವೆಂದು ತಿಳಿದವನು. ನೀವು ಹೇಳಿದಂತೆ ಅಂದರೆ ನನ್ನ ಮೊದಲನೆಯ ಮಾತೇ ಸುಳ್ಳಾಗುತ್ತದೆ. ಸಾಕ್ಷಿಯನ್ನು ಸುಳ್ಳಿನಿಂದ ಶುರು ಮಾಡಲೇ?’

ನಗು ನಿಂತಿತು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ‘ಸತ್ಯನಿಷ್ಠೆಯಿಂದ ಪ್ರತಿಜ್ಞೆ ಎಂದು ಹೇಳಿಸಿ’ ಎಂದಷ್ಟೇ ಹೇಳಿದರು. ಹೇಳಿಸಿದೆ. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ಆ ಹಿರಿಯರಿಗೆ ಒಂದು ಕಾಗದ ತೋರಿಸಿ, ತಂಗಿಯ ಹೆಬ್ಬೆಟ್ಟನ್ನು ನೀವು ಕಣ್ಣಾರೆ ಕಂಡಿರಾ ಎಂದು ಕೇಳಿದರು. ‘ಇಲ್ಲ. ನಾನು ಸಹಿ ಹಾಕುವಾಗ ಈ ಹೆಬ್ಬೆಟ್ಟು ಇರಲಿಲ್ಲ’ ಎಂದರು. ಅವರನ್ನು ಕರೆತಂದಿದ್ದ ಅಣ್ಣನ ಮುಖ ಕಪ್ಪಿಟ್ಟಿತು. ದೇವರ ಮೇಲೆ ಆಣೆಯಿಟ್ಟು, ಕಣ್ಣು ಮುಚ್ಚಿ ಕೈ ಮುಗಿದು, ಮರುಕ್ಷಣವೇ ಸುಳ್ಳು ಹೇಳಿದವರನ್ನು ಅಷ್ಟರಲ್ಲಾಗಲೇ ನೂರಾರು ಮಂದಿಯನ್ನು ನೋಡಿದ್ದೆ. ಪ್ರತಿಜ್ಞೆ ಮಾಡಿ ಸುಳ್ಳು ಹೇಳಿದವರನ್ನು ಆಮೇಲೆ ನೋಡಿದೆ, ಆ ಮಾತು ಬೇರೆ.

ಅಂದು ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಕಪಾಟಿನಿಂದ 1969ರ ಪ್ರಮಾಣಗಳ ಅಧಿನಿಯಮ ತೆಗೆದು ನೋಡಿದೆ. ಸಾಕ್ಷಿಯ ಪ್ರಮಾಣದ ನಮೂನೆಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ, ಸತ್ಯನಿಷ್ಠೆಯ ಪ್ರತಿಜ್ಞೆ ಎರಡೂ ಇವೆ. ನಡುವೆ ಒಂದು ಓರೆಗೆರೆ ಮಾತ್ರ. ಸಾಕ್ಷಿಗೆ ಯಾವುದು ಸರಿ ಕಾಣುತ್ತದೋ ಅದು. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳ, ಶಾಸಕರ, ನ್ಯಾಯಮೂರ್ತಿಗಳ ಪ್ರಮಾಣವೂ ಹೀಗೆಯೇ ಇದೆ. ಒಂಬತ್ತು ವರ್ಷ ಆ ಗೆರೆಯ ಒಂದೇ ಬದಿಯನ್ನು ನಾನು ಎಲ್ಲರ ಬಾಯಲ್ಲಿ ಹೇಳಿಸಿದ್ದೆ. ಎಷ್ಟು ಜನ ಮನಸ್ಸಿಗೆ ಒಪ್ಪದಿದ್ದರೂ ಹೆದರಿ ನನ್ನ ಹಿಂದೆ ಹೇಳಿದರೋ ತಿಳಿಯದು. ‘ಸತ್ಯವ ನುಡಿವುದೇ ದೇವಲೋಕ’ ಎಂಬ ಬಸವಣ್ಣನವರ ವಚನವನ್ನು ದಿನವೂ ಹೇಳಿಕೊಳ್ಳುತ್ತಿದ್ದವಳು ನಾನು. ಸತ್ಯಕ್ಕಾಗಿಯೇ ದೇವರ ಹೆಸರು ಬಿಟ್ಟ ಮನುಷ್ಯನನ್ನು ಸಭೆಯ ನಡುವೆ ಗದರಿಸಿದ್ದೆ. ಮರುದಿನ ಕ್ಷಮೆ ಕೇಳಬೇಕೆಂದಿದ್ದೆ. ಅವರು ಮತ್ತೆ ನ್ಯಾಯಾಲಯಕ್ಕೆ ಬರಲಿಲ್ಲ.

ಪ್ರಮಾಣದ ಈ ಓರೆಗೆರೆಯ ಬೆನ್ನುಹತ್ತಿ ಆಮೇಲೆ ಬಹಳ ಓದಿದೆ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕರು 1880ರಲ್ಲಿ ನಾರ್ತಾಂಪ್ಟನ್‌ನಿಂದ ಸಂಸತ್ತಿಗೆ ಗೆದ್ದು, ದೇವರ ಹೆಸರಿಲ್ಲದೆ ಪ್ರತಿಜ್ಞೆ ಮಾಡುತ್ತೇನೆಂದರು. ಸಂಸತ್ತು ಅದಕ್ಕೆ ಬಿಡಲಿಲ್ಲ. ಮತ್ತೆ ಮತ್ತೆ ಗೆದ್ದು ಬಂದರೂ, ಅವರು ನೆಮ್ಮದಿಯಾಗಿ ತಮ್ಮ ಸ್ಥಾನದಲ್ಲಿ ಕುಳಿತದ್ದು 1886ರಲ್ಲಿ. ಎರಡು ವರ್ಷದ ನಂತರ ಅಲ್ಲಿ ಕಾನೂನೇ ಬದಲಾಯಿತು. 1891ರಲ್ಲಿ ಅವರು ತೀರಿಕೊಂಡಾಗ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿ ಅಂತ್ಯಕ್ರಿಯೆಗೆ ಹೋಗಿದ್ದರು. ಮರಳುವಾಗ ರೈಲು ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ಒಬ್ಬ ಪಾದ್ರಿಯನ್ನು ತಡೆದು, ನಿಮ್ಮ ದೇವರ ಗಾತ್ರ ಎಷ್ಟು, ಅವನು ಇರುವುದೆಲ್ಲಿ ಎಂದು ಕೆಣಕಿದನಂತೆ. ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ ಎಂದರಂತೆ ಪಾದ್ರಿ. ಇದನ್ನು ಕಂಡು ನಾಸ್ತಿಕವಾದದ ಬಗೆಗೆ ತನಗಿದ್ದ ಅಸಡ್ಡೆ ಇನ್ನೂ ಹೆಚ್ಚಿತೆಂದು ಗಾಂಧೀಜಿಯೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಇಪ್ಪತ್ತೊಂದು ವರ್ಷದ ಹುಡುಗನ ಮನಸ್ಸಿನಲ್ಲಿ ಉಳಿದದ್ದು ವಾದವಲ್ಲ, ಕೆಣಕಿದ ದನಿ. ವಿಚಾರವಾದಿ ಬಂಧುಗಳು ಇದನ್ನು ಸ್ವಲ್ಪ ಗಮನಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಅದೇ ಗಾಂಧೀಜಿಯ ಬಳಿಗೆ 1944ರ ಕೊನೆಯಲ್ಲಿ ಸೇವಾಗ್ರಾಮಕ್ಕೆ ಆಂಧ್ರದ ನಾಸ್ತಿಕ ಗೋರಾ ಬಂದರು. ಪೂರ್ತಿ ಹೆಸರು ಗೋಪರಾಜು ರಾಮಚಂದ್ರ ರಾವ್. ಸಸ್ಯಶಾಸ್ತ್ರದ ಅಧ್ಯಾಪಕರು, ನಾಸ್ತಿಕತೆಯ ಕಾರಣಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡವರು, ಅಸ್ಪೃಶ್ಯತೆಯ ವಿರುದ್ಧ ಊರೂರಲ್ಲಿ ಸಹಭೋಜನ ನಡೆಸಿದವರು. ಮೂರು ವರ್ಷ ಹಿಂದೆ ಭೇಟಿಗೆ ಅವಕಾಶ ಕೇಳಿದ್ದಾಗ ಗಾಂಧೀಜಿ ಸಮಯವಿಲ್ಲವೆಂದಿದ್ದರು. ಈಗ ಕೂರಿಸಿಕೊಂಡು ಮಾತಾಡಿದರು, ಒಂದು ಸಲವಲ್ಲ, ಹಲವು ಸಲ. ದೇವರಿಲ್ಲದವನ ಜೊತೆ ಏನು ಮಾತಾಡಲಿ ಎಂಬಂತೆ ಶುರುವಾದ ಮಾತುಕತೆ ಅದು. ನನ್ನ ಆಸ್ತಿಕತೆ ಸರಿ ಎಂದೂ ಹೇಳಲಾರೆ, ನಿಮ್ಮ ನಾಸ್ತಿಕತೆ ತಪ್ಪು ಎಂದೂ ಹೇಳಲಾರೆ, ನಾವಿಬ್ಬರೂ ಸತ್ಯ ಹುಡುಕುವವರು ಎಂಬಲ್ಲಿಗೆ ಬಂತು. ಇಬ್ಬರೂ ತಮ್ಮ ನಿಲುವು ಬಿಟ್ಟುಕೊಡಲಿಲ್ಲ. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ಹೊರಟಾಗ, ಮದುವೆ ಆಶ್ರಮದಲ್ಲಿಯೇ ಆಗಲಿ, ‘ದೇವರ ಹೆಸರಿನಲ್ಲಿ’ ಎಂಬಲ್ಲಿ ‘ಸತ್ಯದ ಹೆಸರಿನಲ್ಲಿ’ ಎನ್ನೋಣ ಎಂದು ಗಾಂಧೀಜಿ ಒಪ್ಪಿದ್ದರು. ಆ ಮದುವೆ ನೋಡಲು ಅವರು ಉಳಿಯಲಿಲ್ಲ. ಅವರ ಹತ್ಯೆಯಾದ ಎರಡು ತಿಂಗಳೊಳಗೆ, 1948ರ ಮಾರ್ಚಿನಲ್ಲಿ, ಸೇವಾಗ್ರಾಮದಲ್ಲೇ ಮದುವೆ ನಡೆಯಿತು.

ರಾಮನಾಮವನ್ನೇ ಉಸಿರಾಡಿದ ಮುದುಕರು ಇನ್ನೊಬ್ಬರ ಮಗಳಿಗಾಗಿ ಒಂದು ಪದ ಬದಲಿಸಲು ಸಿದ್ಧರಾದರು. ನಾನು ಕಟಕಟೆಯಲ್ಲಿ ಒಂದು ಪದ ಬಿಟ್ಟಿದ್ದಕ್ಕೆ ದನಿ ಏರಿಸಿದೆ.

ದೇವರ ಪರವಾಗಿ ಬರೆದ ಓದುಗರೊಬ್ಬರು, ಸಂವಿಧಾನ ಬರೆದವರು ದೇವರನ್ನು ಹೊರಗಿಟ್ಟರೆಂದು ನೋವು ತೋಡಿಕೊಂಡಿದ್ದಾರೆ. ಅವರಿಗೆ ಒಂದು ಮಾತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ, ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಲಿ ಎಂದು ತಿದ್ದುಪಡಿ ತಂದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ನಂಬಿಕೆಯ ವಿಷಯದಲ್ಲಿ ಇದು ಬಲವಂತವಾಗುವುದಿಲ್ಲವೇ ಎಂದು ಪಟ್ಟಂ ತಾಣು ಪಿಳ್ಳೈ ಕೇಳಿದರು. ಇಷ್ಟು ಪವಿತ್ರವಾದ ಭಾವನೆಯನ್ನು ಚರ್ಚೆಯ ಕಣಕ್ಕೆ ಎಳೆದು ತಂದದ್ದಕ್ಕೆ ಹೃದಯನಾಥ ಕುಂಜ್ರು ವಿಷಾದಪಟ್ಟರು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧ 68. ಆ 68 ಜನರೆಲ್ಲ ನಾಸ್ತಿಕರಾಗಿದ್ದರೇ? ಖಂಡಿತ ಇಲ್ಲ. ಪ್ರಮಾಣವಚನದಲ್ಲಿ ದೇವರ ಹೆಸರಿಗೆ ಜಾಗ ಕೊಟ್ಟದ್ದೂ ಅದೇ ಸಭೆಯೇ. ನನ್ನ ಬಾಯಿಂದ ದೇವರ ಹೆಸರು ಬರಲಿ, ನೆರೆಯವನ ಬಾಯಿಂದ ಬಲವಂತವಾಗಿ ಹೊರಡಿಸುವುದು ಬೇಡ ಎಂದು ದೇವರನ್ನು ನಂಬಿದವರೇ ಅಲ್ಲಿ ಕೈ ಎತ್ತಿದ್ದಾರೆ.

ನಾನು ಧಾರವಾಡದವಳು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಮನೆಯ ಬಾಗಿಲಿಗೇ ಬಂದು ಎಂ.ಎಂ. ಕಲಬುರ್ಗಿಯವರನ್ನು ಗುಂಡಿಕ್ಕಿ ಕೊಂದರು. ಜೀವಮಾನವೆಲ್ಲ ವಚನಗಳ ನಡುವೆಯೇ ಕಳೆದ ವಿದ್ವಾಂಸರು. ಅವರು ಬರೆದದ್ದನ್ನೆಲ್ಲ ನಾನು ಒಪ್ಪಿದವಳಲ್ಲ. ಒಂದೆರಡು ಮಾತು ನನ್ನ ಭಕ್ತಿಗೆ ಚುಚ್ಚಿದ್ದೂ ಉಂಟು. ಆದರೆ ಚುಚ್ಚಿದ ಮಾತಿಗೆ ಮರುಮಾತು ಹೇಳಬೇಕೆಂದರೆ ಹೇಳಿದವರು ಬದುಕಿರಬೇಕಲ್ಲವೇ? ಅಂದಿನಿಂದ ‘ಇಂಥವರಿಗೆ ಪಾಠ ಕಲಿಸಬೇಕು’ ಎಂಬ ಮಾತು ಪತ್ರಿಕೆಯಲ್ಲಿ ಕಂಡರೆ ನನ್ನ ಕೈ ನಡುಗುತ್ತದೆ. ಈ ಮೂರು ವಾರಗಳ ಪತ್ರಗಳಲ್ಲಿ ಆ ಮಾತು ಎರಡು ಸಲ ಬಂದಿದೆ. ದಯವಿಟ್ಟು ಅಂಥದನ್ನು ಅಚ್ಚು ಮಾಡಬೇಡಿ.

ಇನ್ನು ಮನೆಯ ಮಾತು. ನನ್ನ ಮೈದುನ ಕಾಲೇಜಿನ ದಿನದಿಂದಲೂ ದೇವರನ್ನು ನಂಬದವನು. ನಾಲ್ಕು ವರ್ಷದ ಹಿಂದೆ ನನ್ನ ಯಜಮಾನರು ತೀರಿಕೊಂಡರು. ತೀರಿಕೊಂಡವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ದಿನ, ಜಂಗಮರ ಪಾದ ತೊಳೆದ ನೀರನ್ನು ಪಾದೋದಕವೆಂದು ತೆಗೆದುಕೊಳ್ಳುವಾಗ, ಅವನು ಏನು ಮಾಡುತ್ತಾನೋ ಎಂದು ಬಂಧುಗಳಿಗೆಲ್ಲ ಆತಂಕ. ಹಿಂದಿನ ರಾತ್ರಿ ನನ್ನ ಬಳಿ ಬಂದು ಕುಳಿತ. ‘ವೈನಿ, ನಾನು ಪಾದೋದಕ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ನಾಟಕವಾಗುತ್ತದೆ, ಅಣ್ಣನಿಗೆ ನಾಟಕ ಆಗುತ್ತಿರಲಿಲ್ಲ. ಉಳಿದದ್ದೆಲ್ಲ ನನಗೆ ಬಿಡಿ’ ಎಂದ. ಕಟಕಟೆಯ ಆ ಹಿರಿಯರು ನೆನಪಾದರು. ‘ಆಗಲಿ’ ಎಂದೆ. ಜಂಗಮರು ಬಂದಾಗ ಅವರ ಕಾಲಿಗೆ ನೀರು ತಂದುಕೊಟ್ಟ. ಪೂಜೆಯ ಹೊತ್ತಿಗೆ ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದ. ಆಮೇಲೆ ಸೊಂಟಕ್ಕೆ ಟವಲ್ ಬಿಗಿದು ಇನ್ನೂರು ಜನರಿಗೆ ಹುಗ್ಗಿ ಬಡಿಸಿದ. ಕೊನೆಯ ಪಂಕ್ತಿ ಎದ್ದ ಮೇಲೆ ಹಿತ್ತಿಲಲ್ಲಿ ಒಬ್ಬನೇ ಕುಳಿತು ಅಳುತ್ತಿದ್ದ. ‘ಸತ್ತವರಿಗೆ ಏನೂ ಉಳಿಯುವುದಿಲ್ಲ ಎನ್ನುವವರಿಗೆ ದುಃಖವೂ ಇರುವುದಿಲ್ಲ’ ಎಂದು ಬರೆದ ಓದುಗರು ಅಂದು ನಮ್ಮ ಹಿತ್ತಿಲಿಗೆ ಬಂದಿದ್ದರೆ ಆ ಮಾತು ಬರೆಯುತ್ತಿರಲಿಲ್ಲ. ಹಾಗೆಯೇ, ನನ್ನ ಪೂಜೆಯನ್ನು ಅವನು ಇಂದಿನವರೆಗೂ ಹಾಸ್ಯ ಮಾಡಿದ್ದಿಲ್ಲ. ಪವಾಡ ಮಾಡುತ್ತೇನೆಂದು ಬಡವರ ದುಡ್ಡು ಸುಲಿಯುವವರ ಮೇಲೆ ಅವನಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ನಾನೂ ಅವನ ಜೊತೆಗಿದ್ದೇನೆ. ಮಗುವಿಗೆ ಜ್ವರ ಬಂದಾಗ ಹರಕೆ ಹೊತ್ತ ತಾಯಿಯನ್ನು ಕಂಡರೆ ಮಾತ್ರ, ಮೊದಲು ಆಸ್ಪತ್ರೆಗೆ ಹೋಗಲು ಆಟೋ ಹುಡುಕುತ್ತಾನೆ, ವಾದವನ್ನು ಆಮೇಲಿಗೆ ಇಟ್ಟುಕೊಳ್ಳುತ್ತಾನೆ.

ಸಭೆಗಳನ್ನು ನಡೆಸುವವರಲ್ಲಿ ನನ್ನ ಬೇಡಿಕೆ ಸಣ್ಣದು. ನಿರೂಪಣೆ ಮಾಡುವವರು ‘ಎಲ್ಲರೂ ಎದ್ದು ನಿಲ್ಲಬೇಕು’ ಎನ್ನುವ ಬದಲು ‘ಈಗ ಪ್ರಾರ್ಥನೆ, ನಿಲ್ಲಬಯಸುವವರು ನಿಲ್ಲಬಹುದು’ ಎಂದರೆ ಸಾಕು. ಕುಳಿತವರು ಆ ಎರಡು ನಿಮಿಷ ಮೊಬೈಲ್ ನೋಡದೆ, ಪಕ್ಕದವರ ಜೊತೆ ಮಾತಾಡದೆ ಇರಲಿ. ನಿಂತವರು ಕುಳಿತವರ ಕಡೆಗೆ ತಿರುಗಿ ನೋಡದಿರಲಿ. ಹಾಡು ಮುಗಿದ ಮೇಲೆ ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ಬೇಕಾದಷ್ಟು ನಡೆಯಲಿ. ನಾನೂ ಬರುತ್ತೇನೆ, ಇದ್ದಾನೆ ಎನ್ನುತ್ತೇನೆ.

ಕಳಿಸುವ ಮೊದಲು ಈ ಪತ್ರವನ್ನು ಮೈದುನನಿಗೆ ಓದಿ ಹೇಳಿದೆ. ಎರಡು ಕಡೆ ‘ನಂಬಿಕೆಯಿಲ್ಲದವರು’ ಎಂದು ಬರೆದಿದ್ದೆ. ‘ವೈನಿ, ನನಗೂ ನಂಬಿಕೆಗಳಿವೆ. ದೇವರಲ್ಲಿ ಇಲ್ಲ, ಅಷ್ಟೇ’ ಎಂದ. ಎರಡೂ ಕಡೆ ಹೊಡೆದುಹಾಕಿ ‘ದೇವರನ್ನು ನಂಬದವರು’ ಎಂದು ತಿದ್ದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬೆಂಚ್ ಕ್ಲರ್ಕ್, ಧಾರವಾಡ